ಗಾಳಿ ಅನ್ನದ ಬೇಸಿಗೆ

ಕಳೆದ ತಿಂಗಳು ನಮ್ಮ ಕಾರಿನ ಎಡಬಾಗಿಲಿಗೆ ಗೀರು ಬಿತ್ತು. ಬಿದ್ದದ್ದಲ್ಲ, ನಾನೇ ಎಳೆದದ್ದು. ಚರ್ಚಿನ ಗೇಟು ಕಿರಿದು, ಕಂಬಕ್ಕೆ ಉಜ್ಜಿದರೆ ಏನು ಗತಿ ಎಂದು ಹೆದರಿ ಹೆದರಿ, ಕೊನೆಗೆ ಕಂಬಕ್ಕೇ ಉಜ್ಜಿಕೊಂಡು ಹೋದೆ. ಗೀರು ತೆಗೆಸಲು ನಾನು, ನನ್ನ ಗಂಡ ಸ್ಟ್ಯಾನಿ ಇಬ್ಬರೂ ಗ್ಯಾರೇಜಿಗೆ ಹೋಗಿದ್ದೆವು. ಒಳಗೆ ಯಾವುದೋ ವ್ಯಾನಿಗೆ ಪೇಂಟ್ ಹೊಡೆಯುತ್ತಿದ್ದರು. ಕಂಪ್ರೆಸರಿನ ಸದ್ದು, ಥಿನ್ನರಿನ ಆ ಸಿಹಿ ಸಿಹಿ ಕಟು ವಾಸನೆ. ನಾನು ಮುಂದೆ ಹೆಜ್ಜೆ ಇಡಲಾರದೆ ಅಲ್ಲೇ ನಿಂತೆ.

"ಆ ವಾಸನೆಯಲ್ಲಿ ಎಂತಕ್ಕೆ ನಿಂತದ್ದು? ತಲೆ ತಿರುಗಿ ಬಿದ್ದರೆ ಮತ್ತೆ ನನಗೇ ಹೇಳ್ತಿ," ಎಂದು ಸ್ಟ್ಯಾನಿ ಕೊಂಕಣಿಯಲ್ಲಿ ಗದರಿದರು.

ತಲೆ ತಿರುಗಲಿಲ್ಲ. ಆದರೆ ಕಾಲ ತಿರುಗಿತು. ಆ ವಾಸನೆಯನ್ನು ಅಂಗಿಗೆ ಹಚ್ಚಿಕೊಂಡು ದಿನಾ ಸಂಜೆ ನಮ್ಮ ಆಫೀಸಿನ ಮೆಟ್ಟಿಲ ಬುಡದಲ್ಲಿ ನಿಲ್ಲುತ್ತಿದ್ದ ಒಬ್ಬ ಮನುಷ್ಯನಿದ್ದ. ಹೆಸರು ಗಾಳೆಪ್ಪ. ಈ ಹೆಸರನ್ನು ನಾನು ಎಷ್ಟು ಸಲೀಸಾಗಿ ಬರೆದುಬಿಟ್ಟೆ.

ಆಗ ನಾವು ಕುವೈತಿನಲ್ಲಿದ್ದೆವು. ಎರಡು ಸಾವಿರದ ಮೊದಲ ದಶಕ ಮುಗಿಯುತ್ತ ಬಂದಿತ್ತು. ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಳಗೆ ಬಿಡಿಭಾಗಗಳ ಅಂಗಡಿ, ಮೇಲೆ ನಮ್ಮ ಅನುವಾದದ ಆಫೀಸು. ಕ್ರೇನು, ಕಂಪ್ರೆಸರು, ಜನರೇಟರುಗಳ ಕೈಪಿಡಿಗಳನ್ನೂ ಕೂಲಿಕಾರರ ಕ್ಯಾಂಪಿನಲ್ಲಿ ಅಂಟಿಸುವ ಸುರಕ್ಷತೆಯ ಹಾಳೆಗಳನ್ನೂ ಇಂಗ್ಲಿಷಿನಿಂದ ನಮ್ಮ ನಮ್ಮ ಭಾಷೆಗಳಿಗೆ ಮಾಡುವುದು ಕೆಲಸ. ಮಲಯಾಳಕ್ಕೆ, ತಮಿಳಿಗೆ, ಹಿಂದಿಗೆ ಬೇರೆ ಬೇರೆ ಕೋಣೆಗಳು. ಕನ್ನಡಕ್ಕೆ ಒಂದು ಕೋಣೆ, ಅದರಲ್ಲಿ ಇಬ್ಬರು ಹೆಂಗಸರು: ಕರಾವಳಿಯ ನಾನು, ಕೊಪ್ಪಳದ ಕಡೆಯ ಶರಣಮ್ಮ.

ಶರಣಮ್ಮ ಊರಿನಲ್ಲಿ ಶಾಲೆಯಲ್ಲಿ ಕನ್ನಡ ಕಲಿಸಿದವಳು. ನನಗಿಂತ ಕೆಲವು ವರ್ಷಕ್ಕೆ ಚಿಕ್ಕವಳು. ಮಕ್ಕಳಿಲ್ಲ. ಗಂಡ ಎರಡು ಬೀದಿ ಆಚೆ ಗ್ಯಾರೇಜಿನಲ್ಲಿ ಕಾರುಗಳಿಗೆ ಪೇಂಟ್ ಹೊಡೆಯುತ್ತಿದ್ದ. ಅವನು ಅವಳನ್ನು "ಟೀಚರಮ್ಮ" ಎಂದು ಕರೆಯುತ್ತಿದ್ದ. ಅವಳು ಅವನನ್ನು "ರೀ" ಎಂದಷ್ಟೇ ಕರೆಯುತ್ತಿದ್ದಳು. ಬೇರೆಯವರ ಮುಂದೆ "ನಮ್ಮನಿಯವ್ರು". ಯಾವ ಕೌಂಟರಿನಲ್ಲಿ ಯಾರು ಗಂಡನ ಹೆಸರು ಕೇಳಿದರೂ ಅವಳು ನನ್ನ ಮೊಣಕೈಯನ್ನು ಸಣ್ಣಗೆ ತಿವಿಯುತ್ತಿದ್ದಳು, ನಾನು ಹೇಳುತ್ತಿದ್ದೆ. ನಾನು ಜೊತೆಗಿಲ್ಲದಾಗ ಅವನ ಸಿವಿಲ್ ಐಡಿ ಕಾರ್ಡನ್ನೇ ಮುಂದೆ ಹಿಡಿಯುತ್ತಿದ್ದಳಂತೆ. ನಾನೋ, ಗಂಡ ಆಫೀಸು ಮುಟ್ಟಿದರೇ, ಊಟ ಮಾಡಿದರೇ, ಬಾಗಿಲಿಗೆ ಬೀಗ ಹಾಕಿದರೇ ಎಂದು ದಿನವಿಡೀ ಫೋನಿನಲ್ಲಿ "ಸ್ಟ್ಯಾನಿ, ಸ್ಟ್ಯಾನಿ" ಎನ್ನುತ್ತಿದ್ದವಳು. ಆಗೆಲ್ಲ ಅವಳು ತಲೆ ತಗ್ಗಿಸಿ ಕೀಬೋರ್ಡ್ ನೋಡುತ್ತಿದ್ದಳು. ನಾನು ಆಫೀಸಿನಲ್ಲಿ ಕೂತು ಏನೋ ಮಾಡಬಾರದ್ದನ್ನು ಮಾಡುತ್ತಿರುವಂತೆ.

ಆ ವರ್ಷ ಮೇ ತಿಂಗಳಲ್ಲಿ ನಮ್ಮ ಮ್ಯಾನೇಜರು ಹೊಸ ಸಾಫ್ಟ್‌ವೇರ್ ತರಿಸಿದರು. ಈಜಿಪ್ಟಿನವರು, ಹೆಸರು ಹಾನಿ. ಅರಬ್ಬಿಯಲ್ಲಿ ಸುಖವಾಗಿರುವವನು ಎಂದೇನೋ ಅರ್ಥವಂತೆ. ನಮಗೆ ಮಾತ್ರ ಪ್ರತಿ ಕೈಪಿಡಿಯ ಎಚ್ಚರಿಕೆಯಲ್ಲೂ ಅವರೇ ಕಾಣುತ್ತಿದ್ದರು. "ಯಂತ್ರಕ್ಕೆ ಹಾನಿಯಾದೀತು" ಎಂದು ಬರೆದಾಗಲೆಲ್ಲ ಶರಣಮ್ಮ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಆಳು ಯಾರಿಗೂ ಹಾನಿ ಮಾಡುವವರಲ್ಲ.

ಆ ಸಾಫ್ಟ್‌ವೇರಿನ ಒಳಗೆ ಎರಡು ಉಗ್ರಾಣಗಳು. ಒಂದು ಅನುವಾದದ ನೆನಪು: ನಾವು ಮಾಡಿದ ಪ್ರತಿ ವಾಕ್ಯವನ್ನೂ ಅದು ಇಂಗ್ಲಿಷಿನ ಜೊತೆ ಜೋಡಿ ಮಾಡಿ ಇಟ್ಟುಕೊಂಡು, ಮತ್ತೆ ಅದೇ ವಾಕ್ಯ ಬಂದಾಗ ಹಳೆಯದನ್ನು ತಂದು ಮುಂದಿಡುತ್ತಿತ್ತು. ಇನ್ನೊಂದು ಪದಕೋಶ: ಯಾವ ಪದಕ್ಕೆ ಯಾವ ಪದ ಎಂಬ ತೀರ್ಮಾನ ಅಲ್ಲಿ. ಬೇಡದ ಪದ ಬಳಸಿದರೆ ಪರದೆಯ ಮೇಲೆ ಕೆಂಪು ಗೆರೆ. ಯಾರು ಬರೆದದ್ದು, ಯಾರು ತಿದ್ದಿದ್ದು ಎಂದು ಅದು ತಾನೇ ಗುರುತು ಹಾಕಿಕೊಳ್ಳುತ್ತಿತ್ತು. ಬೇರೆ ಗುರುತುಗಳು ಬೇಕಿದ್ದರೆ ನಾವೇ ಫೀಲ್ಡ್ ಎಂಬ ಖಾನೆ ಸೇರಿಸಬೇಕು. ಹಾನಿಯವರು ಆ ಕೆಲಸ ನನಗೆ ಕೊಟ್ಟರು, ನಾನು ಜಾಗ್ರತೆಯ ಹೆಂಗಸು ಎಂದು. ಜಾಗ್ರತೆಗೂ ಗಾಬರಿಗೂ ಇರುವ ವ್ಯತ್ಯಾಸ ಅವರಿಗೆ ಗೊತ್ತಿರಲಿಲ್ಲ. ಕ್ಲೈಂಟ್ ಯಾರು, ವಿಷಯ ಯಾವುದು, ಒಪ್ಪಿದವರು ಯಾರು ಎಂದು ಶುರು ಮಾಡಿದವಳು 'ಅನುಮಾನ' ಎಂಬ ಫೀಲ್ಡ್ ಕೂಡ ಸೇರಿಸಿದೆ. ಒಂದು ವಾರ ಬಿಟ್ಟು ನೋಡಿ ಹಾನಿಯವರು ಹೇಳಿದರು: "ಐರಿನ್, ನಿನ್ನ ಪದಕೋಶದಲ್ಲಿ ಪದಗಳಿಗಿಂತ ಅನುಮಾನವೇ ಹೆಚ್ಚಿದೆ. ಖಲಾಸ್, ಇದನ್ನು ತೆಗಿ."

ತೆಗೆದೆ. ತೆಗೆದದ್ದು ಸರಿಯೋ ಎಂದು ಅನುಮಾನಿಸುತ್ತಲೇ.

ಜೂನ್ ಬಂದಾಗ ಶಮಾಲ್ ಶುರುವಾಯಿತು. ಕುವೈತಿನ ಬೇಸಿಗೆಯಲ್ಲಿ ವಾಯವ್ಯದಿಂದ ಬೀಸುವ ಗಾಳಿ ಅದು. ಕಿಟಕಿಯ ಸಂದಿಗೆ ಟೇಪು ಅಂಟಿಸಿದರೂ ಮೇಜಿನ ಮೇಲೆ ಬೆಳಗಾದರೆ ಮಣ್ಣಿನ ಪದರ. ಒಂದು ಮಧ್ಯಾಹ್ನ ಹೊರಗೆಲ್ಲ ಕೇಸರಿ ಬಣ್ಣವಾಗಿ, ಎದುರಿನ ಶೋರೂಮಿನ ಬೋರ್ಡೇ ಕಾಣದಾಯಿತು.

"ಎಂತ ಗಾಳಿ ಮಾರಾಯ್ತಿ," ಎಂದೆ ನಾನು.

"ಹೂಂ ರೀ, ಹೊರಗ ಭಾಳ ಜೋರೈತಿ," ಎಂದಳು ಶರಣಮ್ಮ.

ಏನು ಜೋರಾಗಿದೆ ಎಂದು ಅವಳು ಹೇಳಲಿಲ್ಲ. ನಾನು ಗಮನಿಸಲೂ ಇಲ್ಲ. ಗಮನಿಸಿದ್ದು ಆ ವಾರವೇ, ಕ್ಲೈಂಟ್ ಕಡೆಯ ಇಂಜಿನಿಯರರ ಇಮೇಲ್ ಬಂದಾಗ. ಅವರು ಬೆಂಗಳೂರಿನವರು, ನಮ್ಮ ಕನ್ನಡವನ್ನು ಪರೀಕ್ಷೆ ಮಾಡುವ ಕೆಲಸ ಅವರದ್ದು. ಶರಣಮ್ಮ ಮಾಡಿದ ಕ್ರೇನ್ ಹಾಳೆಯಲ್ಲಿ ಒಂದು ವಾಕ್ಯವಿತ್ತು: "ಹವಾ ಜೋರಾಗಿ ಬೀಸುವಾಗ ಕ್ರೇನ್ ನಿಲ್ಲಿಸಿ." ಅವರು ಅದರ ಕೆಳಗೆ ಬರೆದಿದ್ದರು, "ಇದು ಯಾವ ಕನ್ನಡ? ಹವಾ ಎಂದರೆ ಹವಾಮಾನ. ಎಲ್ಲ ಕಡೆ ಗಾಳಿ ಎಂದು ತಿದ್ದಿ."

ಹುಡುಕಿ ನೋಡಿದರೆ ಎಲ್ಲ ಕಡೆಯೂ ಹಾಗೇ. ಕಂಪ್ರೆಸರಿನಲ್ಲಿ ಹವಾ, ಟೈರಿನಲ್ಲಿ ಹವಾ, ಕಿಟಕಿಯಿಂದ ಬರುವುದೂ ಹವಾ. ನೆನಪಿನ ಉಗ್ರಾಣದಲ್ಲಿ ಶರಣಮ್ಮನ ಗುರುತಿರುವ ಒಂದೇ ಒಂದು ವಾಕ್ಯದಲ್ಲೂ ಗಾಳಿ ಇಲ್ಲ. ಹಾನಿಯವರು ಹವಾಕ್ಕೆ 'ಬಳಸಬೇಡಿ' ಎಂದು ಗುರುತು ಹಾಕಿಸಿ, ಬರೆದವರೇ ತಿದ್ದಲಿ ಎಂದರು.

ಶರಣಮ್ಮ ಪರದೆಯ ಮುಂದೆ ಕೂತಳು. ಕೆಂಪು ಗೆರೆಗಳನ್ನು ನೋಡುತ್ತಲೇ ಕೂತಳು. ಬೆರಳು ಕೀಬೋರ್ಡಿಗೆ ಇಳಿಯಲಿಲ್ಲ.

"ಎಂತ ಆಯ್ತು? ಒಂದು ಪದ ಅಲ್ವ, ತಿದ್ದಿಬಿಡು."

"ಬರಾಂಗಿಲ್ರಿ ಅಕ್ಕಾರ."

"ಎಂತ ಬರುದಿಲ್ಲ?"

ಅವಳು ಬಾಗಿಲು ನೋಡಿ, ದನಿ ಇಳಿಸಿ ಹೇಳಿದಳು. "ನಮ್ಮನಿಯವ್ರ ಹೆಸರು ನಿಮಗ ಗೊತ್ತೈತಲ್ರಿ."

ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು: ಗಾಳೆಪ್ಪ, ಗಾಳಿ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದನ್ನು ನಾನೂ ಕೇಳಿದ್ದೆ. ಆದರೆ ಹೆಸರಿನೊಳಗಿರುವ ಮಾತನ್ನೂ ಬಿಟ್ಟವರನ್ನು ಕಂಡಿರಲಿಲ್ಲ.

"ನಮ್ಮ ಅತ್ತಿಯವ್ರು ಹಾಲಿಗೆ ಹಾಲು ಅಂದಾಕಿ ಅಲ್ರಿ," ಎಂದಳು. "ಮಾವನವ್ರ ಹೆಸರಿನ್ಯಾಗ ಹಾಲು ಇತ್ತು. ಸಾಯೂತನಕ 'ಬೆಳ್ಳಂದು ಕಾಸು, ಬೆಳ್ಳಂದು ಉಕ್ಕತೈತಿ' ಅಂತಿದ್ರು. ನನಗರ ಈ ಊರು ಅನುಕೂಲ ಆತು. ಇಲ್ಲಿ ಹೊರಗಿಂದಕ್ಕ ಅರಬ್ಬಿಯವರಂಗ ತೋಜ್ ಅಂದ್ರ ಆತು, ಎಲ್ಲಾರಿಗೂ ತಿಳೀತೈತಿ. ಕೈಪಿಡಿ ಒಳಗ ತೋಜ್ ಬರಿಯಾಕ ಬರಾಂಗಿಲ್ಲ, ಅದಕ್ಕ ಹವಾ."

"ಆದ್ರೆ ಬರೆಯುದು ಬೇರೆ, ಹೇಳುದು ಬೇರೆ ಅಲ್ವ?"

"ಬರಿಯೂಮುಂದ ಮನಸಿನ್ಯಾಗ ಹೇಳ್ಕೊಂತೀವಲ್ರಿ."

ಅನುವಾದದ ಕೆಲಸ ಮಾಡಿದವರಿಗೆಲ್ಲ ಅದು ಗೊತ್ತು. ನಾನೇ ತಿದ್ದಿಕೊಡುತ್ತೇನೆ ಎಂದೆ. ಮುಂದೆ ಬರೆಯುವುದನ್ನೆಲ್ಲ ಯಾರು ತಿದ್ದುತ್ತಾರೆ ಎಂದಳು. ಅದೂ ನಿಜ. ಅಲ್ಲದೆ ಸಾಫ್ಟ್‌ವೇರಿನ ಒಂದು ಗುಣವಿತ್ತು: ಒಂದು ಇಂಗ್ಲಿಷ್ ವಾಕ್ಯಕ್ಕೆ ಎರಡನೆಯ ಕನ್ನಡ ವಾಕ್ಯ ಬಂದರೆ, ಹೊಸದು ಹಳೆಯದನ್ನು ಅಳಿಸಿ ಆ ಜಾಗದಲ್ಲಿ ಕೂರುತ್ತಿತ್ತು. ಎರಡಕ್ಕೂ ಬೇರೆ ಬೇರೆ ಗುರುತಿನ ಫೀಲ್ಡ್ ಇದ್ದರೆ ಮಾತ್ರ ಎರಡೂ ಅಕ್ಕಪಕ್ಕ ಬಾಳುತ್ತಿದ್ದವು.

ಹಾಗೆ ಹುಟ್ಟಿದ್ದು 'ಪ್ರದೇಶ' ಎಂಬ ಫೀಲ್ಡ್. ಅದಕ್ಕೆ ಎರಡೇ ಆಯ್ಕೆಗಳು: ಕರಾವಳಿ ಮತ್ತು ದಕ್ಷಿಣ ಒಂದು, ಉತ್ತರ ಇನ್ನೊಂದು. ಹವಾದ ಎದುರು 'ಉತ್ತರ' ಎಂದು ಹಾಕಿದೆ. ಹಾನಿಯವರಿಗೆ ಗಂಭೀರವಾಗಿ ವಿವರಿಸಿದೆ: ಈ ಹಾಳೆಗಳನ್ನು ಓದುವ ಕೆಲಸಗಾರರಲ್ಲಿ ಹೆಚ್ಚಿನವರು ಉತ್ತರ ಕರ್ನಾಟಕದವರು, ಅಲ್ಲಿ ಟೈರಿಗೆ ಹವಾ ತುಂಬುವುದೇ ಹೊರತು ಬೇರೆ ಇಲ್ಲ. ಟೈರಿನ ಮಟ್ಟಿಗೆ ಅದು ನಿಜವೂ ಹೌದು. ಕ್ರೇನಿನ ಮಟ್ಟಿಗೆ ದೇವರೇ ಕಾಯಬೇಕು.

"ಎರಡು ಕನ್ನಡವೋ?" ಎಂದರು ಹಾನಿ. "ನಮ್ಮಲ್ಲೂ ಕೈರೋದ ಅರಬ್ಬಿ ಇಲ್ಲಿ ನಡೆಯುವುದಿಲ್ಲ. ಯಲ್ಲಾ, ಇಡು."

ಕೆಂಪು ಗೆರೆಗಳು ಹೋದವು. ಬೆಂಗಳೂರಿನ ಇಂಜಿನಿಯರರು ಪ್ರಾದೇಶಿಕ ವೈವಿಧ್ಯಕ್ಕೆ ನಾವು ಕೊಟ್ಟ ಗಮನವನ್ನು ಮೆಚ್ಚಿ ಬರೆದರು. ಮೆಚ್ಚುಗೆ ಓದಿದ ಮೇಲೆ ನನಗೆ ಊಟ ಸೇರಲಿಲ್ಲ.

ಆ ತಿಂಗಳಲ್ಲೇ ಗಾಳೆಪ್ಪಣ್ಣನ ಕೆಮ್ಮು ಹೆಚ್ಚಿತು. ಮೆಟ್ಟಿಲ ಬುಡದಲ್ಲಿ ನಿಂತಿರುತ್ತಿದ್ದವನು ಈಗ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಎಷ್ಟೋ ವರ್ಷ ಮೂಗಿಗೆ ಒಂದು ಬಟ್ಟೆ ಕಟ್ಟಿ ಪೇಂಟ್ ಹೊಡೆದವನು. ಆಸ್ಪತ್ರೆಯಲ್ಲಿ ಎದೆಯ ಫೋಟೋ ತೆಗೆದು, ಶ್ವಾಸಕೋಶ ಗಟ್ಟಿಯಾಗುತ್ತಿದೆ ಎಂದರು. ಸ್ವಲ್ಪ ದಿನ ಇರಲಿ ಎಂದು ವಾರ್ಡಿಗೆ ಸೇರಿಸಿಕೊಂಡರು.

ಸಂಜೆ ಭೇಟಿಯ ಹೊತ್ತಿಗೆ ನಾವಿಬ್ಬರೂ ಆಫೀಸಿನಿಂದ ನೇರ ಅಲ್ಲಿಗೆ ಹೋಗುತ್ತಿದ್ದೆವು. ಮೂಗಿಗೆ ಆಕ್ಸಿಜನ್ನಿನ ಕೊಳವೆ ಸಿಕ್ಕಿಸಿಕೊಂಡೂ ಅವನ ತಮಾಷೆ ನಿಂತಿರಲಿಲ್ಲ. ನಾನು ಹಾಸಿಗೆಯ ಪಕ್ಕ ನಿಂತು ಫೋನಿನಲ್ಲಿ ಸ್ಟ್ಯಾನಿಗೆ ಹತ್ತು ಸಲ ಅದೇ ಪ್ರಶ್ನೆ ಕೇಳುವುದನ್ನು ಕೇಳಿಸಿಕೊಂಡು, "ನಿಮ್ಮ ಸಾಹೇಬ್ರು ಗಟ್ಟಿ ಆಳು ಬಿಡ್ರಿ ಅಕ್ಕಾರ," ಎಂದ. "ಇಷ್ಟ ಸಲ ಹೆಸರು ಕರಸ್ಕೊಂತಾರ, ಮತ್ತ ದುಂಡ ದುಂಡಗ ಅದಾರ."

"ಸುಮ್ನಿರ್ರೀ," ಎಂದಳು ಶರಣಮ್ಮ.

"ನೋಡ್ರಿ ಅಕ್ಕಾರ, ಸುಮ್ನಿರ್ರೀ ಅಂತಾಳ. ಯಾರು ಸುಮ್ನಿರಬೇಕು? ಹೆಸರಿಲ್ಲ. ಹಿಂಗಂದ್ರ ಇಡೀ ವಾರ್ಡೇ ಸುಮ್ನಾಗತೈತಿ." ಸ್ವಲ್ಪ ಕೆಮ್ಮಿ, ಸುಧಾರಿಸಿಕೊಂಡು ಮುಂದುವರಿಸಿದ. "ಗ್ಯಾರೇಜಿನ್ಯಾಗ ಗಾಲಿಬ್ ಭಾಯಿ ಅಂತಾರ. ನರ್ಸಮ್ಮ ಗಾಲಪ್ಪ ಅಂತಾಳ. ಊರಾಗ ಗಾಳ್ಯಾ ಅಂತಿದ್ರು. ಎಲ್ಲಾರ ಬಾಯಾಗೂ ಕೇಳೀನಿ. ಇಕಿ ಬಾಯಾಗ ಒಮ್ಮಿ ಕೇಳಬೇಕಂತ ಭಾಳ ದಿನದ ಆಸೆ ಐತ್ರಿ. ಮದುವ್ಯಾಗ ಗಂಡನ ಹೆಸರು ಕೂಡಿಸಿ ಹೇಳೂ ಒಡಪಿನ್ಯಾಗರ ಹೇಳ್ತಾಳಂತ ಕಿವಿ ಕೊಟ್ಟು ನಿಂತಿದ್ದೆ. ಅರ್ಧಾ ಹೇಳಿ ಅಳಕೋತ ಒಳಗ ಓಡಿ ಹೋದ್ಲು."

"ಎಲ್ಲಾರ ಮುಂದ ಏನಿದು," ಎಂದು ಅವಳು ಹಣ್ಣು ಹೆಚ್ಚಲು ತೊಡಗಿದಳು.

"ಒಮ್ಮಿ ಅನ್ನು ಟೀಚರಮ್ಮ. ಹಾಜರಿ ತಗೊಂಡಂಗ. ನಾನು ಹಾಜರ್ ಅಂತೀನಿ."

ಅವಳು ತಲೆ ಎತ್ತದೆ ಹೇಳಿದಳು: "ಮೊದಲ ಮನಿಗೆ ಬರ್ರಿ. ಬಂದ ಮ್ಯಾಲ ಕರೀತೀನಿ."

"ಆಣಿ?"

"ಆಣಿ."

ಅವನು ನನ್ನ ಕಡೆ ನೋಡಿ, ನೀವೇ ಸಾಕ್ಷಿ ಎಂಬಂತೆ ಹುಬ್ಬು ಹಾರಿಸಿದ.

ಹಿಂದಿರುಗುವಾಗ ಲಿಫ್ಟಿನ ಮುಂದೆ ನಾನು ಅವಳ ಕೈ ಹಿಡಿದು ಹೇಳಿದೆ, "ಹೇಳಿಬಿಡು ಮಾರಾಯ್ತಿ. ಪಾಪ, ಒಂದು ಹೆಸರು ತಾನೆ."

"ನಾನೂ ಓದೀನ್ರಿ ಅಕ್ಕಾರ," ಎಂದಳು. "ಸಾಲ್ಯಾಗ ಹುಡುಗೂರಿಗೆ ಮೂಢನಂಬಿಕಿ ಪಾಠ ನಾನೇ ಮಾಡೀನಿ. ಇದು ಸುಳ್ಳಂತ ಗೊತ್ತೈತಿ. ಆದ್ರ ಅವರು ಮಲಗ್ಯಾರ್ರಿ. ಸುಳ್ಳೋ ಖರೇನೋ ಅಂತ ಪರೀಕ್ಷಾ ಮಾಡೂ ಹೊತ್ತಲ್ಲ ಇದು."

ಗ್ಯಾಸ್ ಆಫ್ ಮಾಡಿದ್ದೇನೆ ಎಂದು ಗೊತ್ತಿದ್ದೂ ಮೆಟ್ಟಿಲು ಹತ್ತಿ ಹೋಗಿ ನೋಡುವವಳು ನಾನು. ನೋಡದಿದ್ದರೆ ಬೆಂಕಿ ಬಿದ್ದೀತು ಎಂದಲ್ಲ. ಬಿದ್ದರೆ, ನೋಡದೆ ಬಂದೆನಲ್ಲ ಎಂದು ಅನಿಸೀತಲ್ಲ, ಅದಕ್ಕೆ.

ಜುಲೈಯಿಡೀ ಶಮಾಲ್ ಬೀಸಿತು. ಆ ತಿಂಗಳು ನಾನೂ ಗಾಳಿ ಎನ್ನುವುದನ್ನು ಬಿಟ್ಟೆ. ಯಾವತ್ತು ಬಿಟ್ಟೆನೋ ಗೊತ್ತಿಲ್ಲ. ಒಂದು ದಿನ ಜನರೇಟರಿನ ಕೈಪಿಡಿ ಮಾಡುತ್ತ, ಪದ ಬಂದಲ್ಲಿ ಬೆರಳು ನಿಂತಿತು. ಹವಾ ಎಂದು ಹೊಡೆದು, ನನ್ನ ಕರಾವಳಿಯ ವಾಕ್ಯಕ್ಕೂ ಪ್ರದೇಶದ ಫೀಲ್ಡಿನಲ್ಲಿ 'ಉತ್ತರ' ಎಂದು ಆರಿಸಿದೆ. ಪಕ್ಕದಲ್ಲಿದ್ದ ಶರಣಮ್ಮ ನೋಡಿದಳು. ಅವತ್ತು ಅವಳ ಡಬ್ಬಿಯ ಶೇಂಗಾ ಚಟ್ನಿಯಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ತಟ್ಟೆಗೆ ಬಂತು. ಕೊರಳಲ್ಲಿ ಶಿಲುಬೆ ಹಾಕಿಕೊಂಡ ನಾನು ಕೊಪ್ಪಳದ ಒಬ್ಬ ಪೇಂಟರನ ಆಯುಷ್ಯಕ್ಕಾಗಿ ಒಂದು ಕನ್ನಡ ಪದವನ್ನು ಉಪವಾಸ ಕೆಡವಿದ್ದೆ. ಮನೆಯಲ್ಲಿ ಸ್ಟ್ಯಾನಿ ಕಿಟಕಿ ತೆರೆಯಲು ಹೋದರೆ, "ಬೇಡ, ಅದು ಬರ್ತದೆ," ಎನ್ನುತ್ತಿದ್ದೆ.

"ಯಾವುದು ಬರ್ತದೆ?" ಎಂದು ಅವರು ಬೆಚ್ಚಿ ಹಿಂದೆ ನೋಡುತ್ತಿದ್ದರು.

ಆ ನಡುವೆ ಹಾಳೆಗಳನ್ನು ಅಂಟಿಸಿದ್ದು ಸರಿಯಾಗಿದೆಯೇ ನೋಡಲು ಹಾನಿಯವರು ನನ್ನನ್ನು ಸುಲೈಬಿಯಾದ ಕ್ಯಾಂಪಿಗೆ ಕರೆದೊಯ್ದರು. ಊಟದ ಸಾಲೆಯ ಗೋಡೆಯ ಮೇಲೆ ನಮ್ಮ ಹಾಳೆ. ಅದರ ಮುಂದೆ ಮಧ್ಯಾಹ್ನದ ಬಿಡುವಿನಲ್ಲಿ ನಾಲ್ಕಾರು ಜನ ನಿಂತು ನಗುತ್ತಿದ್ದರು. ರಾಯಚೂರು, ಕೊಪ್ಪಳದ ಕಡೆಯವರೇ.

"ಯಾರು ಬರದಾರ್ರಿ ಮೇಡಮ್ ಇದನ್ನ?" ಎಂದ ಒಬ್ಬ. "ಹವಾ ಬೀಸತೈತಂತ. ಕ್ರೇನ್ ನಿಲ್ಸೂದೋ, ತಂಪಿಗೆ ಕುಂತು ಹಾಡು ಹಾಡೂದೋ?"

ಪಕ್ಕದವನು ಅವನ ಬೆನ್ನಿಗೆ ಗುದ್ದಿದ. "ಸುಮ್ನಿರಲೇ. ಬರದಾಕಿ ಗಂಡನ ಹೆಸರು ಗಾಳೆಪ್ಪ ಇರಬೇಕು, ಅದಕ್ಕ."

ಎಲ್ಲರೂ ಮತ್ತಷ್ಟು ನಕ್ಕರು. ಅವರಿಗೆ ಅದು ಬರೀ ತಮಾಷೆ. ನಾನು ಮಾತ್ರ ಹಾಳೆಯ ಅಂಚಿನ ಟೇಪನ್ನು ಒತ್ತಿ ಒತ್ತಿ ಅಂಟಿಸತೊಡಗಿದೆ.

"ಏನಂತೆ?" ಎಂದರು ಹಾನಿ.

"ತಮ್ಮ ಮನೆಯ ಮಾತಿನ ಹಾಗೇ ಇದೆಯಂತೆ," ಎಂದೆ. ಅನುವಾದಕಿಯಾಗಿ ಅದಕ್ಕಿಂತ ಸರಿಯಾದ ವಾಕ್ಯ ನಾನು ಮಾಡಿಲ್ಲ.

ಇದನ್ನು ವಾರ್ಡಿನಲ್ಲಿ ಹೇಳಿದಾಗ ಗಾಳೆಪ್ಪಣ್ಣ ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ಮಲಯಾಳಿ ನರ್ಸು ಓಡಿ ಬಂದು ನಮ್ಮಿಬ್ಬರನ್ನೂ ಹೊರಗೆ ಕಳಿಸಿದಳು. ಕಾರಿಡಾರಿನಲ್ಲಿ ಶರಣಮ್ಮ ಗೋಡೆಗೆ ಒರಗಿ ನಿಂತಿದ್ದಳು. ಒಳಗಿನ ಕೆಮ್ಮನ್ನು ಕೇಳುತ್ತ, "ಆದ್ರೂ ನಕ್ರಲ್ರಿ," ಎಂದಳು.

ಆಗಸ್ಟಿನಲ್ಲಿ ಬೀಸುವುದು ನಿಂತಿತು. ಅದರ ಬದಲು ಸಮುದ್ರದ ಕಡೆಯಿಂದ ತೇವದ ಸೆಕೆ ಬಂದು ಊರ ಮೇಲೆ ಒದ್ದೆ ಕಂಬಳಿಯಂತೆ ಕೂತಿತು. ಎಲೆ ಅಲ್ಲಾಡುವುದಿಲ್ಲ. ಗಾಳೆಪ್ಪಣ್ಣನನ್ನು ಬೇರೆ ಕೋಣೆಗೆ ಒಯ್ದರು. ಮೂಗಿನ ಕೊಳವೆ ಹೋಗಿ ಮುಖದ ತುಂಬ ಮಾಸ್ಕ್ ಬಂತು, ಮಾತು ನಿಂತಿತು. ಮಾತು ನಿಂತ ಮೇಲೆ ಅವನು ಕಣ್ಣಿನಿಂದ ಕೇಳತೊಡಗಿದ. ಅವಳು ಒಳಗೆ ಬಂದೊಡನೆ ಹುಬ್ಬು ಹಾರಿಸುತ್ತಿದ್ದ. ಅವಳು ಅವನ ಪಾದ ಒತ್ತುತ್ತ, "ಮನಿಗೆ ಬರ್ರಿ, ಅಂದೀನಲ್ಲ," ಎನ್ನುತ್ತಿದ್ದಳು.

ನಾನು ಮತ್ತೆ ಹೇಳಿಬಿಡು ಎನ್ನಲಿಲ್ಲ. ಎಲ್ಲದಕ್ಕೂ ಗಾಬರಿಯಾಗುವವರಿಗೆ ನಿಜವಾದ ಗಾಬರಿ ಎದುರು ಬಂದಾಗ ಗುರುತೇ ಸಿಗುವುದಿಲ್ಲ. ಮನೆಗೆ ಬರುತ್ತಾನೆ ಎಂದೇ ಅಂದುಕೊಂಡಿದ್ದೆ. ನನ್ನ ಚಿಂತೆ ಆಗ ಅವರ ಮನೆಗೆ ಲಿಫ್ಟ್ ಇಲ್ಲ, ಮೆಟ್ಟಿಲು ಹತ್ತುವುದು ಹೇಗೆ ಎಂಬುದಾಗಿತ್ತು.

ತಿಂಗಳ ಕೊನೆಯ ಒಂದು ಮಧ್ಯಾಹ್ನ ಆಫೀಸಿಗೆ ಫೋನ್ ಬಂತು. ಹಾನಿಯವರು ತಮ್ಮ ಕಾರಿನಲ್ಲೇ ನಮ್ಮನ್ನು ಬಿಟ್ಟು ಹೋದರು. ನಾವು ಒಳಗೆ ಹೋದಾಗ ಅವನ ಕಣ್ಣು ಮುಚ್ಚಿತ್ತು. ಎದೆ ಮಾತ್ರ ಏರಿ, ತಡೆದು, ಇಳಿಯುತ್ತಿತ್ತು. ನರ್ಸು ಶರಣಮ್ಮನ ಭುಜ ಹಿಡಿದು ಹತ್ತಿರ ನಿಲ್ಲಿಸಿ, ತನಗೆ ಬರುವ ಹಿಂದಿಯಲ್ಲಿ ಹೇಳಿದಳು: "ಹೆಸರು ಹಿಡಿದು ಕರಿ. ಕಿವಿ ಕೇಳಿಸುತ್ತಿರುತ್ತದೆ."

ಶರಣಮ್ಮ ಅವನ ಕಿವಿಯ ಬಳಿ ಬಾಗಿದಳು.

"ರೀ," ಎಂದಳು.

ನರ್ಸು ನನ್ನ ಕಡೆ ನೋಡಿದಳು. ನಾನು ಶರಣಮ್ಮನ ಬೆನ್ನ ಮೇಲೆ ಕೈಯಿಟ್ಟೆ.

"ರೀ," ಎಂದಳು ಮತ್ತೆ. "ರೀ. ರೀ."

ಆ ಎದೆ ಏರುತ್ತಿರುವವರೆಗೆ ಅವಳು ಕಾಯಬೇಕಾದ ಜೀವ ಅಲ್ಲಿತ್ತು. ಅದನ್ನು ಬಿಟ್ಟುಕೊಡುವ ಮಾತನ್ನು ಅವಳು ಹೇಗೆ ಆಡಿಯಾಳು? ಇನ್ನೊಂದು ಸಲ ಏರೀತು, ಇನ್ನೊಂದು ಸಲ ಎಂದು ಅವಳು ಕಾದಳು. ಅದು ಏರದ ಮೇಲೂ ಸ್ವಲ್ಪ ಹೊತ್ತು ಕಾದಳು.

ಅವಳು ಶವದ ಜೊತೆ ಊರಿಗೆ ಹೋದವಳು ತಿರುಗಿ ಬರಲಿಲ್ಲ. ಗಂಡನ ಮನೆಯ ಹತ್ತಿರದ ಒಂದು ಶಾಲೆಯಲ್ಲಿ ಮತ್ತೆ ಕಲಿಸತೊಡಗಿದಳು ಎಂದು ಕೇಳಿದೆ. ಕೆಲವು ವರ್ಷ ಹಬ್ಬಕ್ಕೆ ಫೋನ್ ಮಾಡುತ್ತಿದ್ದಳು, ಆಮೇಲೆ ನಂಬರು ಬದಲಾಯಿತು. ಪ್ರದೇಶದ ಫೀಲ್ಡ್ ನಾನು ಕೆಲಸ ಬಿಡುವವರೆಗೂ ಇತ್ತು. ಹೊಸಬರು ಬಂದು ಅದನ್ನು ನಿಜವೆಂದೇ ನಂಬಿ, ಕ್ರೇನಿನ ಕೆಳಗೆ ಹವಾ ಬೀಸಿಸುತ್ತಲೇ ಇದ್ದರು. ನಾನು ತಿದ್ದಲಿಲ್ಲ. ಆದರೆ ನನಗೆ ಹೇಳಬೇಕಾದದ್ದು ಇದಲ್ಲ, ಅವನು ಹೋದ ಮರುದಿನದ ಮಾತು.

ಶವ ಊರಿಗೆ ಕಳಿಸಲು ಕಾಗದಗಳಾಗಬೇಕಿತ್ತು. ಸ್ಟ್ಯಾನಿ ಮತ್ತು ಗ್ಯಾರೇಜಿನವರು ಒಂದು ಕಡೆ ಓಡುತ್ತಿದ್ದರು. ಹೆಂಡತಿಯೇ ಬಂದು ಸಹಿ ಹಾಕಬೇಕಾದ ಒಂದು ಸರ್ಕಾರಿ ಕಚೇರಿಗೆ ನಾನು ಶರಣಮ್ಮನನ್ನು ಕರೆದುಕೊಂಡು ಹೋದೆ. ಕೌಂಟರಿನ ಹಿಂದೆ ವಯಸ್ಸಾದ ಕುವೈತಿ ಗುಮಾಸ್ತರು, ಬಿಳಿ ದಿಶ್‌ದಾಶ ನಿಲುವಂಗಿ, ಕೊರಳಿಗೆ ನೇತುಬಿಟ್ಟ ಕನ್ನಡಕ. ಪಾಸ್‌ಪೋರ್ಟಿನ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ನೋಡಿದರು. ಅದನ್ನು ಅರಬ್ಬಿಯಲ್ಲಿ ಬರೆಯಬೇಕಿತ್ತು. ತಲೆಯೆತ್ತಿ, ಹರಕು ಇಂಗ್ಲಿಷಿನಲ್ಲಿ, ಈ ಹೆಸರನ್ನು ಬಾಯಲ್ಲಿ ಹೇಗೆ ಹೇಳುತ್ತೀರಿ ಎಂದು ಕೇಳಿದರು.

ನಾನು ಅಭ್ಯಾಸದಂತೆ ಮೊಣಕೈಗೆ ಬೀಳುವ ತಿವಿತಕ್ಕೆ ಕಾದೆ. ಬೀಳಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ದನಿ ಬಂತು.

"ಗಾಳೆಪ್ಪ."

ಗುಮಾಸ್ತರಿಗೆ ಹಿಡಿಯಲಿಲ್ಲ. "ಗಾಲಿಬಾ?"

"ಗಾಳೆಪ್ಪ," ಎಂದಳು ಶರಣಮ್ಮ. ಅವರ ನಾಲಿಗೆಯಲ್ಲಿ ನಮ್ಮ ಳ ಇಲ್ಲ, ಪ ಇಲ್ಲ. ಅವಳು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುವಂತೆ ಬಿಡಿಸಿ ಹೇಳಿದಳು. "ಗಾ. ಳೆ. ಪ್ಪ."

ಅವರೂ ಶ್ರದ್ಧೆಯಿಂದ ಹೇಳಿ ನೋಡಿದರು. "ಗಾ. ಲೆ. ಬ್ಬ." ಬರೆದರು. ಬರೆದದ್ದನ್ನು ನೋಡುತ್ತ, ಇದಕ್ಕೆ ನಿಮ್ಮಲ್ಲಿ ಅರ್ಥವೇನು ಎಂದು ಕೇಳಿದರು. ಕೆಲಸಕ್ಕೆ ಬೇಕಾಗಿ ಕೇಳಿದ್ದಲ್ಲ. ಎದುರಿಗೆ ಕೂತ ಹೆಂಗಸಿಗೆ ಏನಾದರೂ ಒಂದು ಮಾತು ಆಡಬೇಕು ಎಂದು ಕೇಳಿದ್ದು.

ಅವಳಿಗೆ ಬರುತ್ತಿದ್ದ ಅರಬ್ಬಿ ಬಸ್ಸಿಗೆ, ಕಿರಾಣಿ ಅಂಗಡಿಗೆ ಸಾಲುವಷ್ಟು. ಅವಳು ಅರಬ್ಬಿ ಹೇಳಲು ಹೋಗಲೇ ಇಲ್ಲ. ಬಾಯಿಗೆ ಬಂದದ್ದನ್ನು ಹೇಳಿದಳು.

"ಹವಾ."

"ಹವಾ?" ಎಂದರು ಅವರು, ಸರಿಯಾಗಿ, ಒಂದಕ್ಷರವೂ ತಪ್ಪದೆ. ಅಂಗೈಯನ್ನು ಮುಖದ ಮುಂದೆ ಮೆಲ್ಲಗೆ ಬೀಸಿ ತೋರಿಸಿದರು. "ಹವಾ. ಒಳ್ಳೆಯ ಹೆಸರು. ದೇವರು ಅವರ ಮೇಲೆ ಕರುಣೆ ತೋರಲಿ."

ಹವಾ ಅವರದೇ ಅರಬ್ಬಿ ಮಾತು. ಎಲ್ಲಿಂದಲೋ ಹೊರಟು, ಯಾರ ಯಾರ ಬಾಯಲ್ಲೋ ದಾಟಿ, ಕೊಪ್ಪಳದ ಸೈಕಲ್ ಅಂಗಡಿಯವರೆಗೆ ಬಂದ ಮಾತು. ಇಷ್ಟು ವರ್ಷ ಅವನ ಹೆಸರು ತಪ್ಪಿಸಲು ಅವಳು ಯಾವ ಮಾತಿನ ಮರೆಗೆ ನಿಂತಿದ್ದಳೋ, ಈ ಊರಿನಲ್ಲಿ ಅದೇ ಅವನ ಹೆಸರಾಗಿತ್ತು. ಅವಳಿಗೂ ಅದು ಆ ಕ್ಷಣ ತಿಳಿದಿರಬೇಕು. ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಸಹಿ ಹಾಕಿದಳು.

ಹಿಂದಿರುಗುವಾಗ ಕಾರು ಓಡಿಸುತ್ತಿದ್ದವಳು ನಾನೇ. ನಾನು ಎಂದಿನಂತೆ ಬಲಬದಿಯ ಸಾಲು ಹಿಡಿದು ನಿಧಾನ ಹೋಗುತ್ತಿದ್ದೆ. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು.

"ಯಾರೋ ಕೇಳಿದ್ರ ಹೇಳಿದ್ನಲ್ರಿ ಅಕ್ಕಾರ," ಎಂದಳು. "ಅವರು ಕೇಳಿದಾಗ ಹೇಳ್ಲಿಲ್ಲ."

ಅವರಿಗೆ ಗೊತ್ತಿತ್ತು ಬಿಡು ಎಂದೆ. ಅದು ಅವಳ ಕಿವಿಗೆ ಬೀಳಲಿಲ್ಲ.

"ಮನಿಗೆ ಬಂದಿದ್ರ ಹೆಂಗ ಕರೀತಿದ್ದೆ ಅಂತ ಯೋಚನಿ ಮಾಡಾಕತ್ತೀನ್ರಿ," ಎಂದಳು. "ಆಣಿ ಅಂತೂ ಮಾಡಿದ್ದೆ. ಆದ್ರ ಹೆಂಗ ಅನ್ನೂದು? ನೀವು ಅಣ್ಣ ಅಂತ ಹಚ್ಚತಿದ್ರಿ. ನನಗ ಅದು ಬರಾಂಗಿಲ್ಲ. ಬರೇ ಗಾಳೆಪ್ಪ ಅಂದ್ರ ಮಗನ್ನ ಕರದಂಗಾಗತೈತಿ. ಗಾಳೆಪ್ಪನವರ ಅಂದ್ರ ಹೆಡ್‌ಮಾಸ್ತರನ್ನ ಕರದಂಗಾಗತೈತಿ. ಹೆಂಡತಿ ಆದಾಕಿ ಹೆಂಗ ಕರೀಬೇಕ್ರಿ?"

"ಗೊತ್ತಿಲ್ಲ ಶರಣಮ್ಮ," ಎಂದೆ.

ಅವಳು ಕಿಟಕಿಯ ಕಡೆ ತಿರುಗಿದಳು. "ಗಾಳೆಪ್ಪ," ಎಂದಳು, ಊಟಕ್ಕೆ ಕರೆಯುವ ದನಿಯಲ್ಲಿ. ತಲೆಯಾಡಿಸಿ ಅದನ್ನು ಬಿಟ್ಟಳು. "ರೀ ಗಾಳೆಪ್ಪ," ಎಂದಳು. ಅದೂ ಸರಿಬರಲಿಲ್ಲ. ಅವಳ ಮನೆಯಿದ್ದ ಫರ್ವಾನಿಯಾ ಬರುವವರೆಗೂ, ಯಾವುದು ತನ್ನದು ಎಂದು ಹುಡುಕುತ್ತ, ಅವಳು ಒಂದೊಂದೇ ರೀತಿಯಲ್ಲಿ ಅವನನ್ನು ಕರೆದು ನೋಡುತ್ತಿದ್ದಳು.